ಹಳೇ ಪಟ್ಟು, ಹೊಸ ಗರಡಿ | ಭಾಗ 6: ಹೆಗಲ ಚಕ್ರ

ಫೋಟೊ ನೋಡಿ. ಎದುರಾಳಿಯನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಅಡ್ಡಡ್ಡ ಹೊತ್ತಿದ್ದಾರೆ. ನಮ್ಮ ಗರಡಿಯವರು ಕಂಡರೆ ಕುಸ್ತಿ ಅಂದುಕೊಂಡಾರು. ಆದರೆ ಇದು ಜೂಡೊ. ಪಟ್ಟಿನ ಹೆಸರು ಕಾತಾ-ಗುರುಮಾ, ಅಂದರೆ ಹೆಗಲ ಚಕ್ರ. ಜಪಾನಿನ ಹಳೇ ವಿದ್ಯೆಯೊಂದು ಹೇಗೆ ಉಳೀತು ಅನ್ನೋದು ಈ ಒಂದು ಪಟ್ಟಿನ ಕಥೆಯಲ್ಲೇ ಇದೆ.

1868ರಲ್ಲಿ ಶೋಗುನರ ಆಡಳಿತ ಮುಗಿದು ಮೇಜಿ ಸರ್ಕಾರ ಬಂತು. 1876ರಲ್ಲಿ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡೋದಕ್ಕೂ ನಿಷೇಧ ಬಿತ್ತು. ದೇಶವೆಲ್ಲಾ ರೈಲು, ಬಂದೂಕು ಅಂತ ಓಡುತ್ತಿರುವಾಗ ಬರಿಗೈ ಕಾಳಗದ ಜುಜುತ್ಸು ಯಾರಿಗೆ ಬೇಕು? ಅದನ್ನು ಬಲ್ಲ ಎಷ್ಟೋ ಗುರುಗಳು ಮೂಳೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದರು.

ಹಾಗಾಗಿ ಟೋಕಿಯೊದಲ್ಲಿ ಓದುತ್ತಿದ್ದ ಕಾನೊ ಜಿಗೊರೊ ಎಂಬ ಸಣಕಲು ಹುಡುಗ ಗುರುವನ್ನು ಹುಡುಕಿದ್ದು ಮೂಳೆ ಕಟ್ಟುವವರ ಹತ್ತಿರವೇ. 1877ರಲ್ಲಿ ಫುಕುಡಾ ಹಚಿನೊಸುಕೆ ಸಿಕ್ಕರು.

ಅವರ ಗರಡಿಯಲ್ಲಿ ಫುಕುಶಿಮಾ ಅಂತ ಒಬ್ಬ ದಢೂತಿ ಆಳಿದ್ದ. ಕಲಿತ ಯಾವ ಪಟ್ಟಿಗೂ ಆಸಾಮಿ ಜಗ್ಗಲಿಲ್ಲ. ಕಾನೊ ಸುಮೊ ಪಟ್ಟು ಹಾಕಿ ನೋಡಿದರು, ಆಗಲಿಲ್ಲ. ಕೊನೆಗೆ ಪಾಶ್ಚಾತ್ಯ ಕುಸ್ತಿಯ ಒಂದು ಎತ್ತನ್ನು ಪುಸ್ತಕದಿಂದ ಕಲಿತು, ಬಗ್ಗಿ ಅವನನ್ನು ಹೆಗಲಿಗೇರಿಸಿ ಕೆಡವಿಯೇಬಿಟ್ಟರು. ಹೆಗಲ ಚಕ್ರ ಹುಟ್ಟಿದ್ದು ಹಾಗೆ.

ಹಾಗಂತ ಕಾನೊ ಹಳೇದನ್ನು ಮೂಲೆಗೆ ಹಾಕಲಿಲ್ಲ. 1879ರಲ್ಲಿ ಫುಕುಡಾ ತೀರಿಕೊಂಡಾಗ ಅವರ ಮನೆಯವರು ಪರಂಪರೆಯ ಸುರುಳಿಗಳನ್ನು ಈ ಹುಡುಗನ ಕೈಗೆ ಕೊಟ್ಟರು. ಆಮೇಲೆ ಕಿತೊ-ರ್ಯು ಎಂಬ ಇನ್ನೊಂದು ಪಂಥಕ್ಕೂ ಶಿಷ್ಯರಾಗಿ, ಎತ್ತಿ ಒಗೆಯುವ ವಿದ್ಯೆ ಕಲಿತರು. 1882ರಲ್ಲಿ ಟೋಕಿಯೊದ ಎಯ್‌ಶೋಜಿ ದೇವಾಲಯದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ತಮ್ಮದೇ ಗರಡಿ ತೆರೆದರು. ಅದೇ ಕೊಡೊಕಾನ್.

ಈಗ ಅಸಲಿ ಸಮಸ್ಯೆ. ಮೂಳೆ ಮುರಿಯುವ ಪಟ್ಟನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡೋಕಾಗಲ್ಲ, ಜೊತೆಗಾರ ಆಸ್ಪತ್ರೆ ಸೇರ್ತಾನೆ. ಬರೀ ಅಭಿನಯ ಮಾಡ್ತಿದ್ದರೆ ಅದು ನಿಜಕ್ಕೂ ನಡೆಯುತ್ತಾ ಅಂತ ಗೊತ್ತಾಗಲ್ಲ. ಕಾನೊ ವಿದ್ಯೆಯನ್ನು ಎರಡು ದಾರಿಗೆ ಹಚ್ಚಿದರು. ಅಪಾಯ ಕಡಿಮೆ ಇರುವ ಎಸೆತ, ಹಿಡಿತಗಳು ರಂದೋರಿಗೆ, ಅಂದರೆ ಇಬ್ಬರೂ ಬಿಟ್ಟುಕೊಡದೆ ಸೆಣಸುವ ಮುಕ್ತ ಅಭ್ಯಾಸಕ್ಕೆ. ಉಳಿದ ಅಪಾಯಕಾರಿ ಹೊಡೆತಗಳು ಕಾತಾಕ್ಕೆ. ಹೆಗಲಿಗೆ ಹೇಳುವ ಕಾತಾ ಅಲ್ಲ ಇದು. ಹೆಜ್ಜೆ ಹೆಜ್ಜೆಯೂ ಮೊದಲೇ ಗೊತ್ತಿರುವ ಮಾದರಿ ಅಂತ ಇದರ ಅರ್ಥ. ಕಿತೊ-ರ್ಯುವಿನಲ್ಲಿ ಕವಚ ತೊಟ್ಟ ಯೋಧರ ಪಟ್ಟುಗಳಿದ್ದವು. ಕವಚ ತೊಡುವ ಕಾಲ ಮುಗಿದಿತ್ತು. ಆದರೂ ಅವನ್ನು ಹೆಚ್ಚು ಕಡಿಮೆ ಇದ್ದ ಹಾಗೇ ಕೊಶಿಕಿ-ನೊ-ಕಾತಾ ಅಂತ ಉಳಿಸಿಕೊಂಡರು.

ಯಾಕೆ ಬೇಕಿತ್ತು ಅನ್ನೋದಕ್ಕೆ ಉತ್ತರ ನಮ್ಮ ಕಾಲದಲ್ಲೇ ಸಿಕ್ಕಿತು. 2010ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೈಯಿಂದ ಕಾಲು ಹಿಡಿಯೋದಕ್ಕೆ ಕಡಿವಾಣ ಬಿತ್ತು, 2013ರಲ್ಲಿ ಅದು ಇನ್ನೂ ಬಿಗಿಯಾಯಿತು. ಎದುರಾಳಿಯ ತೊಡೆಗೆ ಕೈ ಹಾಕಿ ಎತ್ತುವ ಹೆಗಲ ಚಕ್ರ ಅಲ್ಲಿಗೆ ಮುಗೀತು ಅಂತ ಅನೇಕರು ಅಂದುಕೊಂಡರು. ಆದರೆ ನಾಗೆ-ನೊ-ಕಾತಾದಲ್ಲಿ ಅದು ಇವತ್ತಿಗೂ ಮೂರನೇ ಪಟ್ಟು. ಅದನ್ನು ಕಲಿಯುವವರು ತೊಡೆಗೆ ಕೈ ಹಾಕಿಯೇ ಎತ್ತಬೇಕು. ಸ್ಪರ್ಧಿಗಳೂ ಸುಮ್ಮನೆ ಕೂರಲಿಲ್ಲ. ಕಾಲು ಮುಟ್ಟದೆ, ತೋಳು ಬಿಗಿಹಿಡಿದು, ಮಂಡಿಯೂರಿ ಹೆಗಲ ಮೇಲಿಂದ ಉರುಳಿಸೋದನ್ನ ಕಂಡುಕೊಂಡರು.

ರಂದೋರಿ ಒಂದೇ ಇದ್ದಿದ್ದರೆ ನಿಯಮ ಬದಲಾದ ಮೇಲೆ ಹಳೇ ರೂಪ ಒಂದೇ ತಲೆಮಾರಿನಲ್ಲಿ ಮರೆತುಹೋಗ್ತಿತ್ತು. ಕಾತಾ ಒಂದೇ ಇದ್ದಿದ್ದರೆ ಈ ಹೊಸ ರೂಪ ಹುಟ್ಟುತ್ತಲೇ ಇರಲಿಲ್ಲ. ನಮ್ಮೂರ ಗರಡಿಗಳ ಬಗ್ಗೆ ಮಾತಾಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಬಹುದು.

ಮುಂದಿನ ಭಾಗ: ಆ ಸುರುಳಿಗಳ ಫುಕುಡಾ ಅವರ ಮೊಮ್ಮಗಳು ಕೈಕೊ. ಕಾನೊ ಅವರೇ ಕರೆದು ಕಲಿಸಿದ ಶಿಷ್ಯೆ.

#ಹಳೇಪಟ್ಟುಹೊಸಗರಡಿ #ಜೂಡೊ #ಇತಿಹಾಸ #ಕನ್ನಡ