ಪರದೇಶದಲ್ಲಿ ನಮ್ಮ ಗುರುತು: ಪಾಸ್‌ಪೋರ್ಟ್ ಮತ್ತು ಇಕಾಮಾ



ಕೊಂಕಲ್, ಶಹಾಪುರ, ಸುರಪುರ ಭಾಗದ ಯುವಕನೊಬ್ಬ ದುಡಿಯಲು ಸೌದಿ ಅರೇಬಿಯಾಕ್ಕೆ ಹೋದರೆ ಅವನ ಬಳಿ ಎರಡು ದಾಖಲೆಗಳು ಇರಲೇಬೇಕು. ಒಂದು, ತನ್ನ ದೇಶ ಕೊಟ್ಟ ಪಾಸ್‌ಪೋರ್ಟ್. ಇನ್ನೊಂದು, ಆ ದೇಶ ಕೊಡುವ ವಾಸದ ಪರವಾನಗಿ, ಅಂದರೆ ಇಕಾಮಾ. ಇವು ಎಲ್ಲಿಂದ ಬಂದವು, ಇವುಗಳ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬುದನ್ನು ನೀವು ತಿಳಿದಿರಬೇಕು.

ನಮ್ಮ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಪರದೇಶ ಪ್ರಯಾಣವೆಂದರೆ ಹೆಚ್ಚಾಗಿ ಹಜ್ ಯಾತ್ರೆಯೇ. ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಜಿದ್ದಾ ತಲುಪಬೇಕಿತ್ತು. ಸಂಸ್ಥಾನದ ಯಾತ್ರಿಗಳು ತಂಗಲೆಂದು ಮಕ್ಕಾದಲ್ಲಿ ನಿಜಾಮರ ರುಬಾತ್ ಇತ್ತು. ಆದರೆ ಕಾಗದದ ಮೇಲೆ ಸಂಸ್ಥಾನದ ಪ್ರಜೆಯ ಸ್ಥಾನವೇ ಬೇರೆ. ಬ್ರಿಟಿಷ್ ಸರ್ಕಾರದ ಪಾಸ್‌ಪೋರ್ಟಿನಲ್ಲಿ ಅವನು ಕೇವಲ ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿ’. ನಮ್ಮ ಹಿರಿಯರನ್ನು ಈ ದೇಶದ ನಾಗರಿಕರೆಂದು ಕರೆದದ್ದು 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ.

ಆಮೇಲೂ ಹಲವು ವರ್ಷ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂದಿತು. ಅದರ 17ನೇ ಕಲಮನ್ನು ನೆನಪಿಡಿ: ಪಾಸ್‌ಪೋರ್ಟ್ ಯಾವಾಗಲೂ ಕೇಂದ್ರ ಸರ್ಕಾರದ ಆಸ್ತಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಏಜೆಂಟನಿಗೂ ಇಲ್ಲ, ಮಾಲೀಕನಿಗೂ ಇಲ್ಲ.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಕಾರ್ಖಾನೆಗಳ ಕೆಲಸ ಹೆಚ್ಚಿತು. ನಮ್ಮವರೂ ಹೊರಟರು. ಏಜೆಂಟರ ಮೋಸ ತಡೆಯಲು 1983ರಲ್ಲಿ ವಲಸೆ ಕಾಯ್ದೆ ಬಂದಿತು. ಸೌದಿಯಂಥ ದೇಶಗಳಿಗೆ ಕೆಲಸಕ್ಕೆ ಹೋಗುವ, ಹೆಚ್ಚು ಓದಿಲ್ಲದವರು ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕಾಯಿತು. ಇಂದು ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ.

ಇನ್ನು ಇಕಾಮಾ. ಅದು ಕಫೀಲ್‌ನ, ಅಂದರೆ ಕೆಲಸ ಕೊಟ್ಟವನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಅದನ್ನು ನವೀಕರಿಸುವ ಹೊಣೆಯೂ ಶುಲ್ಕವೂ ಅವನದೇ ಎಂದು ಸೌದಿಯ ಕಾರ್ಮಿಕ ಕಾನೂನು ಹೇಳುತ್ತದೆ. ಅವನು ನವೀಕರಿಸದಿದ್ದರೆ ಕಷ್ಟಕ್ಕೆ ಸಿಲುಕುವವನು ಮಾತ್ರ ಕಾರ್ಮಿಕ. 2013ರಲ್ಲಿ ಸೌದಿ ಸರ್ಕಾರ ತಪಾಸಣೆ ಬಿಗಿಗೊಳಿಸಿ, ದಾಖಲೆ ಸರಿಪಡಿಸಿಕೊಳ್ಳಲು ಮೊದಲು ಜುಲೈ 3ರವರೆಗೆ, ಬಳಿಕ ನವೆಂಬರ್ 3ರವರೆಗೆ ಅವಕಾಶ ಕೊಟ್ಟಿತು. ಆಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿ ಬಂದರು. ಪಾಸ್‌ಪೋರ್ಟೇ ಕೈಯಲ್ಲಿಲ್ಲದವರು ಊರಿಗೆ ಮರಳಲು ರಾಯಭಾರ ಕಚೇರಿಯ ತುರ್ತು ಪ್ರಮಾಣಪತ್ರವೇ ಗತಿಯಾಯಿತು. 2021ರ ಮಾರ್ಚ್‌ನ ಸುಧಾರಣೆಯಿಂದ ಕೆಲವು ಷರತ್ತಿನ ಮೇಲೆ ಮಾಲೀಕನನ್ನು ಬದಲಿಸುವ ಅವಕಾಶ ದೊರೆತಿದೆ. ಆದರೆ ಮನೆಗೆಲಸದವರು, ಮನೆಯ ಡ್ರೈವರುಗಳು ಆ ಸುಧಾರಣೆಯ ಹೊರಗೇ ಉಳಿದರು.

ಹಾಗಾದರೆ ಮಾಡಬೇಕಾದ್ದೇನು? ಪಾಸ್‌ಪೋರ್ಟಿನ ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಊರಿಗೆ ಬರಬೇಕಿಲ್ಲ. ರಿಯಾದ್‌ನ ಭಾರತೀಯ ರಾಯಭಾರ ಕಚೇರಿ, ಜಿದ್ದಾದ ಕಾನ್ಸುಲೇಟ್ ಅದನ್ನು ಕೊಡುತ್ತವೆ. ಹೊಸ ಪಾಸ್‌ಪೋರ್ಟ್ ಬಂದೊಡನೆ ಅದರ ನಂಬರನ್ನು ಸೌದಿಯ ಜವಾಜಾತ್ ಇಲಾಖೆಯ ದಾಖಲೆಗೆ ಸೇರಿಸಬೇಕು. ನಮ್ಮವರು ಇದನ್ನು ‘ನಕಲ್ ಮಾಲೂಮಾತ್’ ಎನ್ನುತ್ತಾರೆ. ಇದನ್ನು ಮರೆತರೆ ಮುಂದೆ ಇಕಾಮಾ ನವೀಕರಣಕ್ಕೂ ಊರಿಗೆ ಬರುವುದಕ್ಕೂ ತೊಡಕು. ಎರಡು ದಾಖಲೆಗಳ ನಕಲುಗಳು ಮನೆಯಲ್ಲೂ ಇರಲಿ.

ಕೊನೆಗೊಂದು ಮಾತು. ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿವೆಯೇ ಎಂದು ಇಂದೇ ನೋಡಿಕೊಳ್ಳಿ. ನಿಮ್ಮ ಮನೆಯಲ್ಲಿ ಅಬ್ಬಾ, ಮಾಮು, ಅಣ್ಣ ಯಾರಾದರೂ ಹೊರದೇಶದಲ್ಲಿದ್ದರೆ ಮುಂದಿನ ಸಲ ಫೋನ್ ಬಂದಾಗ ಒಂದು ಪ್ರಶ್ನೆ ಕೇಳಿ: ‘ಇಕಾಮಾ, ಪಾಸ್‌ಪೋರ್ಟಿನ ತಾರೀಖು ಎಲ್ಲಿಯವರೆಗಿದೆ? ಅವು ನಿಮ್ಮ ಕೈಯಲ್ಲೇ ಇವೆಯೇ?’ ಓದು ಬರಹ ಕಲಿತ ನೀವು ಮನೆಯವರಿಗೆ ಮಾಡಬಹುದಾದ ಸಹಾಯ ಇದು.