ವಾಲ್ವ್ ಪ್ರಿಆಂಪ್ಲಿಫೈಯರ್: ಮನೆಬಳಕೆಯ ವಿನ್ಯಾಸ

ರೆಕಾರ್ಡ್ ಪ್ಲೇಯರಿನ ಪಿಕಪ್, ರೇಡಿಯೋ ಟ್ಯೂನರ್, ಸಿ.ಡಿ. ಪ್ಲೇಯರ್ ಮುಂತಾದವುಗಳ ಸಂಕೇತವನ್ನು ಪವರ್ ಆಂಪ್ಲಿಫೈಯರಿಗೆ ಬೇಕಾದ ಮಟ್ಟಕ್ಕೆ ಹೊಂದಿಸಿಕೊಡುವ ಮಂಡಲವೇ ಪ್ರಿಆಂಪ್ಲಿಫೈಯರ್. ವರ್ಧನೆಗೆ ನಿರ್ವಾತ ನಳಿಕೆಯನ್ನು, ರೇಡಿಯೋ ರಿಪೇರಿಯವರ ಮಾತಿನಲ್ಲಿ ವಾಲ್ವನ್ನು, ಬಳಸಿದರೆ ಅದು ವಾಲ್ವ್ ಪ್ರಿಆಂಪ್. ಸ್ಪೀಕರ್ ನಡೆಸುವ ಶಕ್ತಿ ಇದಕ್ಕಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವುಗಳು ಮನೆಯ ರೇಡಿಯೋಗಳಿಂದ ಮರೆಯಾದವು. ಹವ್ಯಾಸಿಗಳ ಮೇಜಿನಲ್ಲಿ ಇನ್ನೂ ಉಳಿದುಕೊಂಡಿವೆ. ಬಿಡಿಭಾಗಗಳು ಕೆಲವೇ, ಪ್ರತಿಯೊಂದರ ಕೆಲಸವನ್ನೂ ಮೀಟರ್ ಹಿಡಿದು ಅಳೆದು ತಿಳಿಯಬಹುದು. ಎಲೆಕ್ಟ್ರಾನಿಕ್ಸ್ ಕಲಿಯಲು ಇಷ್ಟು ತೆರೆದ ಪಾಠ ಅಪರೂಪ.

ಫ್ಲೆಮಿಂಗ್ 1904ರಲ್ಲಿ ಡಯೋಡ್ ರೂಪಿಸಿದರು. ಲೀ ಡಿ ಫಾರೆಸ್ಟ್ 1906ರಲ್ಲಿ ಅದಕ್ಕೆ ಗ್ರಿಡ್ ಸೇರಿಸಿ ಟ್ರಯೋಡ್ ಮಾಡಿದ್ದರಿಂದ ವರ್ಧನೆಗೆ ದಾರಿಯಾಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಬಾನುಲಿ ನಡೆದದ್ದು ವಾಲ್ವುಗಳ ಮೇಲೆಯೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಲ್ಲಿ ರಿಸೀವಿಂಗ್ ವಾಲ್ವುಗಳ ತಯಾರಿಕೆಗೆ ಇಳಿಯಿತು. ‘ಬಿಇಎಲ್’ ಮುದ್ರೆಯ ವಾಲ್ವುಗಳು ಹಳೆಯ ರೇಡಿಯೋಗಳಲ್ಲಿ ಈಗಲೂ ಕಾಣಸಿಗುತ್ತವೆ. ಈ ವಿನ್ಯಾಸದಲ್ಲಿ ಬಳಸುವ ಇಸಿಸಿ83 ಮಾದರಿಯ ಹೊಸ ವಾಲ್ವುಗಳು ರಷ್ಯಾದ ಸರಾತೊವ್, ಸ್ಲೊವಾಕಿಯಾದ ಚಾದ್ಸಾ ಮತ್ತು ಚೀನಾದಲ್ಲಿ ತಯಾರಾಗುತ್ತವೆ.

ವಿನ್ಯಾಸ ಆರಂಭವಾಗಬೇಕಾದದ್ದು ಎಷ್ಟು ಗೇನ್ (ವರ್ಧನೆಯ ಪಟ್ಟು) ಬೇಕು ಎಂಬ ಲೆಕ್ಕದಿಂದ. ಸಿ.ಡಿ. ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆ. ಹೆಚ್ಚಿನ ಪವರ್ ಆಂಪ್ಲಿಫೈಯರುಗಳಿಗೆ ಒಂದು ವೋಲ್ಟ್ ಆಸುಪಾಸು ಸಾಕು. ಹೀಗಿರುವಾಗ ಐವತ್ತು ಪಟ್ಟು ವರ್ಧಿಸುವ ಹಂತ ಕಟ್ಟಿದರೆ ವಾಲ್ಯೂಮ್ ಗುಂಡಿ ಮುಟ್ಟಿದ ಕೂಡಲೇ ಮನೆ ಅದುರುತ್ತದೆ, ಜೊತೆಗೆ ವಾಲ್ವಿನ ಸದ್ದೂ ಹಿಗ್ಗುತ್ತದೆ. ಇಂಥಲ್ಲಿ ವರ್ಧನಾಂಕ 17ರ ಇಸಿಸಿ82 ಧಾರಾಳವಾಯಿತು. ವರ್ಧನಾಂಕ 100ರ ಇಸಿಸಿ83 ನಿಜಕ್ಕೂ ಬೇಕಾಗುವುದು ಮ್ಯಾಗ್ನೆಟಿಕ್ ಪಿಕಪ್‌ನ ಸುಮಾರು 5 ಮಿಲಿವೋಲ್ಟ್ ಸಂಕೇತಕ್ಕೆ.

ಇಸಿಸಿ83ರ ಒಳಗೆ ಎರಡು ಟ್ರಯೋಡ್‌ಗಳಿವೆ. ಒಂದಕ್ಕೆ 250 ವೋಲ್ಟ್ ಸರಬರಾಜು, ಆನೋಡಿಗೆ 100 ಕಿಲೋಓಮ್, ಕ್ಯಾಥೋಡಿಗೆ 1.5 ಕಿಲೋಓಮ್ ಕೊಟ್ಟರೆ 0.9 ಮಿಲಿಆಂಪಿಯರಿನಷ್ಟು ಪ್ರವಾಹ ಹರಿಯುತ್ತದೆ. ಕ್ಯಾಥೋಡ್ ಸುಮಾರು 1.3 ವೋಲ್ಟ್ ಮೇಲೇರುತ್ತದೆ. ಗ್ರಿಡ್ ಸೊನ್ನೆಯಲ್ಲಿರುವುದರಿಂದ ಅಷ್ಟೇ ಋಣ ಬಯಾಸ್ ತಾನಾಗಿ ಸಿಗುತ್ತದೆ. ಕ್ಯಾಥೋಡ್ ರೆಸಿಸ್ಟರಿಗೆ ಸಮಾಂತರವಾಗಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಗೇನ್ 55ರ ಸುತ್ತ ನಿಲ್ಲುತ್ತದೆ, ಕೆಳಗಿನ ಸ್ವರಗಳು ಸುಮಾರು 9 ಹರ್ಟ್ಸ್‌ವರೆಗೂ ಕುಗ್ಗುವುದಿಲ್ಲ. ಕೆಪಾಸಿಟರ್ ತೆಗೆದರೆ ಗೇನ್ 30ಕ್ಕೆ ಇಳಿಯುತ್ತದೆ, ವಿರೂಪವೂ ಕಡಿಮೆಯಾಗುತ್ತದೆ.

ಹೊಸಬರು ಎಡವುವುದು ವಾಲ್ಯೂಮ್ ಕಂಟ್ರೋಲಿನ ರೋಧಮೌಲ್ಯದಲ್ಲಿ. ಆನೋಡಿಗೂ ಗ್ರಿಡ್ಡಿಗೂ ನಡುವೆ 1.6 ಪಿಕೋಫ್ಯಾರಡ್ ಧಾರಕತೆಯಿದೆ. ನೋಡಲು ಅಲ್ಪ, ಆದರೆ ವಾಲ್ವ್ ವರ್ಧಿಸುತ್ತಿರುವಾಗ ಅದು ಗೇನಿನಷ್ಟು ಪಟ್ಟು ದೊಡ್ಡದಾಗಿ, ಸುಮಾರು 100 ಪಿಕೋಫ್ಯಾರಡ್ ಆಗಿ ಗ್ರಿಡ್ಡಿಗೆ ಎದುರಾಗುತ್ತದೆ. ಇದೇ ಮಿಲ್ಲರ್ ಪರಿಣಾಮ. ಹಳೆ ರೇಡಿಯೋದಿಂದ ಬಿಚ್ಚಿದ 1 ಮೆಗಾಓಮ್ ಕಂಟ್ರೋಲ್ ಹಾಕಿದರೆ ಅರ್ಧ ಮಟ್ಟದಲ್ಲಿ ಅದರ ಮೂಲರೋಧ 250 ಕಿಲೋಓಮ್; 6.4 ಕಿಲೋಹರ್ಟ್ಸ್ ದಾಟುತ್ತಲೇ ಧ್ವನಿ ಮಂಕಾಗುತ್ತದೆ. ತಾಳ, ಗೆಜ್ಜೆಯ ಮಿಂಚು ಹೋಗುವುದು ಹೀಗೆ. 100 ಕಿಲೋಓಮ್ ಹಾಕಿದರೆ ಅದೇ ಗಡಿ 64 ಕಿಲೋಹರ್ಟ್ಸ್‌ಗೆ ಸರಿಯುತ್ತದೆ.

ರೆಕಾರ್ಡಿಗೆ ಬೇರೆ ಏರ್ಪಾಡು ಬೇಕು. 1954ರಿಂದ ಬಳಕೆಗೆ ಬಂದ ಆರ್‌ಐಎಎ ಕ್ರಮದಲ್ಲಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ನುಡಿಸುವಾಗ ತಿರುವುಮುರುವು ಮಾಡಬೇಕು. ಕಾಲಾಂಕಗಳು 3180, 318 ಮತ್ತು 75 ಮೈಕ್ರೋಸೆಕೆಂಡ್. ಎರಡು ಟ್ರಯೋಡ್ ಹಂತಗಳ ನಡುವೆ ರೆಸಿಸ್ಟರ್–ಕೆಪಾಸಿಟರ್ ಜಾಲವಿಟ್ಟರೆ ಅದು 1 ಕಿಲೋಹರ್ಟ್ಸ್‌ನಲ್ಲಿ ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ. ಆದರೂ ಒಟ್ಟು ಗೇನ್ ನೂರರ ಮೇಲೆಯೇ ಉಳಿಯುತ್ತದೆ. ಹಳೆಯ ಕ್ರಿಸ್ಟಲ್ ಪಿಕಪ್‌ಗಳಿಗೆ ಈ ಜಾಲ ಬೇಡ. ಅವುಗಳ ಸಂಕೇತ ನೂರಾರು ಮಿಲಿವೋಲ್ಟ್ ಇರುತ್ತದೆ.

ಇಷ್ಟಾದರೂ ಪ್ರಿಆಂಪಿನ ಗುಣ ತೀರ್ಮಾನವಾಗುವುದು ವಾಲ್ವಿನ ಹೆಸರಿನಿಂದಲ್ಲ, ಪವರ್ ಸಪ್ಲೈಯಿಂದ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಸೆಕೆಂಡರಿ, ನಾಲ್ಕು ಡಯೋಡ್‌ಗಳ ಬ್ರಿಜ್, ಕೆಪಾಸಿಟರ್ ದಾಟಿದರೆ 325 ವೋಲ್ಟ್ ಸಿಗುತ್ತದೆ, ಅದರೊಡನೆ 100 ಹರ್ಟ್ಸ್‌ನ ಅಲೆಯೂ ಬರುತ್ತದೆ. 10 ಕಿಲೋಓಮ್ ರೆಸಿಸ್ಟರ್, 47 ಮೈಕ್ರೋಫ್ಯಾರಡ್ ಕೆಪಾಸಿಟರಿನ ಒಂದು ಜೋಡಿ ಆ ಅಲೆಯನ್ನು ಸುಮಾರು ಮುನ್ನೂರನೇ ಒಂದಕ್ಕೆ ಇಳಿಸುತ್ತದೆ. ಸ್ಟೀರಿಯೋ ಫೋನೋ (ರೆಕಾರ್ಡ್) ಹಂತಕ್ಕೆ ಬೇಕಾದ ನಾಲ್ಕು ಟ್ರಯೋಡ್‌ಗಳು 3.5 ಮಿಲಿಆಂಪಿಯರ್ ಎಳೆದಾಗ ಪ್ರತಿ ಜೋಡಿಯಲ್ಲಿ 35 ವೋಲ್ಟ್ ಕಳೆಯುತ್ತದೆ. ಎರಡು ಜೋಡಿ ದಾಟಿ ಉಳಿಯುವ 255 ವೋಲ್ಟ್ ನಮ್ಮ ಲೆಕ್ಕಕ್ಕೆ ಸರಿಹೊಂದುತ್ತದೆ. ಕೆಪಾಸಿಟರುಗಳು 450 ವೋಲ್ಟಿನವೇ ಆಗಿರಲಿ: ವಾಲ್ವ್ ಕಾಯುವವರೆಗೆ ಪೂರ್ತಿ ಒತ್ತಡ ಅವುಗಳ ಮೇಲಿರುತ್ತದೆ.

ಅಡಿಕೆ, ತೆಂಗಿನ ತೋಟಗಳ ಬೋರ್‌ವೆಲ್ ಮೋಟರುಗಳಿರುವ ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕುಗಳಲ್ಲಿ ಲೈನ್ ವೋಲ್ಟೇಜ್ ಕುಸಿಯುವ ಸಂದರ್ಭವನ್ನೂ ಗಮನದಲ್ಲಿಡಬೇಕು. ಲೈನ್ 195ಕ್ಕೆ ಇಳಿದರೆ 6.3 ವೋಲ್ಟಿನ ಹೀಟರಿಗೆ 5.3 ಮಾತ್ರ ದಕ್ಕುತ್ತದೆ. ಹೀಟರಿಗೆ ರೆಗ್ಯುಲೇಟರ್ ಮೂಲಕ ಡಿ.ಸಿ. ಕೊಟ್ಟರೆ ಈ ಏರಿಳಿತವೂ ಹೀಟರಿನಿಂದ ಬರುವ ಹಮ್ಮೂ (ಗುಂಯ್ ಎನ್ನುವ ಸದ್ದು) ಒಟ್ಟಿಗೆ ತೊಲಗುತ್ತವೆ. ಎ.ಸಿ.ಯನ್ನೇ ಕೊಡುವುದಾದರೆ ಎರಡೂ ತಂತಿಗಳನ್ನು ಬಿಗಿಯಾಗಿ ಹುರಿಮಾಡಿ ಚಾಸಿಯ ಮೂಲೆಗೆ ಒತ್ತಿ ಎಳೆಯಬೇಕು, ಗ್ರಿಡ್ ತಂತಿಯ ಹತ್ತಿರ ಸುಳಿಯಬಾರದು.

ಹಮ್ ಬಂದರೆ ಅರ್ಥಿಂಗ್ ಸರಿಯಿಲ್ಲ ಎನ್ನುವುದು ವಾಡಿಕೆ. ಹೆಚ್ಚಿನ ವೇಳೆ ತಪ್ಪಿರುವುದು ಚಾಸಿಯೊಳಗೆ. ಟ್ರಾನ್ಸ್‌ಫಾರ್ಮರ್, ಫಿಲ್ಟರ್, ಪ್ರತಿ ಹಂತದ ನೆಲದ ತಂತಿಗಳನ್ನು ಕಂಡಕಂಡಲ್ಲಿ ಬೆಸೆಯದೆ, ಸರಬರಾಜಿನ ಕಡೆಯಿಂದ ಇನ್‌ಪುಟ್ ಕಡೆಗೆ ಕ್ರಮವಾಗಿ ತಂದು, ಒಂದೇ ಕಡೆ ಚಾಸಿಗೆ ಸೇರಿಸಬೇಕು. ಮನೆಯ ಅರ್ಥಿಂಗ್ ಬೇಕಾದದ್ದು ಜೀವರಕ್ಷಣೆಗೆ. ಚಿತ್ರದುರ್ಗ, ಹಿರಿಯೂರಿನ ಕಲ್ಲುನೆಲದಲ್ಲಿ, ಮಳೆಯಿಲ್ಲದ ತಿಂಗಳುಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿ ರೋಧ ಏರುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನು ಮರೆಯಬಾರದು.

ವಾಲ್ವ್ ಸಾಕೆಟ್, ಹೈವೋಲ್ಟೇಜ್ ಕೆಪಾಸಿಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಟ್ರಾನ್ಸ್‌ಫಾರ್ಮರನ್ನು ಸ್ಟೆಬಿಲೈಜರ್ ಸುತ್ತುವವರಿಂದ ಸುತ್ತಿಸುವುದಾದರೆ ಪ್ರೈಮರಿ, ಸೆಕೆಂಡರಿಗಳ ನಡುವಣ ಇನ್ಸುಲೇಷನ್ನನ್ನು ಪರೀಕ್ಷಿಸಿಯೇ ತೆಗೆದುಕೊಳ್ಳಬೇಕು.

ಮೊದಲ ಸಲ ಚಾಲೂ ಮಾಡುವಾಗ 60 ವ್ಯಾಟಿನ ಸೀರೀಸ್ ಬಲ್ಬ್ ಇರಲಿ. ಅದು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಮೊದಲ ಫಿಲ್ಟರ್ ಕೆಪಾಸಿಟರಿಗೆ ಅಡ್ಡಲಾಗಿ 220 ಕಿಲೋಓಮ್, 2 ವ್ಯಾಟ್ ಬ್ಲೀಡರ್ ರೆಸಿಸ್ಟರ್ ಇದ್ದರೆ ಆಫ್ ಮಾಡಿದ ಒಂದು ನಿಮಿಷದಲ್ಲಿ ಒತ್ತಡ 50 ವೋಲ್ಟಿನ ಸುತ್ತ ಇಳಿಯುತ್ತದೆ. ಆದರೂ ಮೀಟರಿನಲ್ಲಿ ನೋಡದೆ ಕೈ ಹಾಕಬಾರದು. ಔಟ್‌ಪುಟ್ ಕೆಪಾಸಿಟರಿನ ಹೊರಬದಿಯಿಂದ ನೆಲಕ್ಕೆ 1 ಮೆಗಾಓಮ್ ಬೆಸೆದು, ವಾಲ್ವ್ ಕಾದು ಆನೋಡ್, ಕ್ಯಾಥೋಡ್ ವೋಲ್ಟೇಜುಗಳು ಲೆಕ್ಕಕ್ಕೆ ಹೊಂದಿದ ಮೇಲಷ್ಟೇ ಪವರ್ ಆಂಪ್ಲಿಫೈಯರಿಗೆ ಜೋಡಿಸಬೇಕು.