ಮುರಿದ ದಾಂಪತ್ಯ, ಕೂಡಿದ ಸ್ನೇಹ: ‘ದ ಫಸ್ಟ್ ವೈವ್ಸ್ ಕ್ಲಬ್’ ಚಿತ್ರದಲ್ಲಿ ನಡುವಯಸ್ಸಿನ ಹಾಸ್ಯ

ಪೀಠಿಕೆ

ಹಾಲಿವುಡ್ಡಿನ ಹಾಸ್ಯಚಿತ್ರಕ್ಕೂ ಮದುವೆಗೂ ಹಳೆಯ ನಂಟು. ತತ್ತ್ವಜ್ಞಾನಿ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ಪ್ರಕಟಿಸಿದ ‘ಪರ್ಸೂಟ್ಸ್ ಆಫ್ ಹ್ಯಾಪಿನೆಸ್’ ಕೃತಿಯಲ್ಲಿ, 1934ರಿಂದ 1949ರವರೆಗಿನ ಏಳು ಚಿತ್ರಗಳನ್ನು ಆರಿಸಿಕೊಂಡು ಅವುಗಳಿಗೆ ‘ಮರುವಿವಾಹದ ಹಾಸ್ಯ’ ಎಂದು ಹೆಸರಿಟ್ಟರು. ಬೇರೆಯಾದ ಅಥವಾ ಬೇರೆಯಾಗಲು ಹೊರಟ ಗಂಡ ಹೆಂಡತಿ ಅದೇ ಸಂಗಾತಿಯನ್ನು ಮತ್ತೆ ಒಪ್ಪಿಕೊಳ್ಳುವುದು ಈ ಚಿತ್ರಗಳ ಸಾಮಾನ್ಯ ನಡೆ. 1996ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ‘ದ ಫಸ್ಟ್ ವೈವ್ಸ್ ಕ್ಲಬ್’ ಈ ನಡೆಯನ್ನು ಉಳಿಸಿಕೊಂಡು ಪಾತ್ರಧಾರಿಗಳನ್ನು ಬದಲಿಸುತ್ತದೆ: ಇಲ್ಲಿ ಅಗಲಿ ಮತ್ತೆ ಕೂಡುವವರು ಕಾಲೇಜಿನ ಗೆಳತಿಯರು. ಒಲಿವಿಯಾ ಗೋಲ್ಡ್‌ಸ್ಮಿತ್ ಅವರ 1992ರ ಕಾದಂಬರಿಯನ್ನು ಆಧರಿಸಿ ಹ್ಯೂ ವಿಲ್ಸನ್ ನಿರ್ದೇಶಿಸಿದ ಈ ಚಿತ್ರವನ್ನು ಸೇಡಿನ ಕಥೆಯೆಂದು ಓದುವುದೇ ರೂಢಿ. ಹೆಂಗಸರ ಲೆಕ್ಕಕ್ಕೆ ಸಿಗದ ದುಡಿಮೆಯನ್ನು ಲೆಕ್ಕಕ್ಕೆ ತರುವ ಸಂಸ್ಥೆಯಾಗಿ ಸ್ನೇಹವನ್ನು ಚಿತ್ರಿಸಿರುವುದೇ ಇದರ ಮುಖ್ಯ ಸಾಧನೆ ಎಂಬುದು ಈ ಲೇಖನದ ವಾದ.

ಅಳುವಿನಿಂದ ನಗುವಿಗೆ

ಕಥೆ ಶುರುವಾಗುವುದು 1969ರಲ್ಲಿ, ಮಿಡಲ್‌ಬರಿ ಕಾಲೇಜಿನ ಪದವಿ ಪ್ರದಾನದ ದಿನ. ಸಿಂಥಿಯಾ ತನ್ನ ಮೂವರು ಗೆಳತಿಯರಿಗೆ ಮುತ್ತಿನ ಸರ ಕೊಡುತ್ತಾಳೆ. ಕಷ್ಟ ಬಂದಾಗ ಒಬ್ಬರಿಗೊಬ್ಬರು ಒದಗುವುದಾಗಿ ನಾಲ್ವರೂ ಮಾತು ಕೊಟ್ಟುಕೊಳ್ಳುತ್ತಾರೆ. ಆ ಮಾತು ಉಳಿಯುವುದಿಲ್ಲ. ಸುಮಾರು ಕಾಲು ಶತಮಾನದ ಬಳಿಕ, ಗಂಡ ಕಿರಿಯಳೊಬ್ಬಳನ್ನು ಮದುವೆಯಾದಾಗ ಸಿಂಥಿಯಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಉಳಿದ ಮೂವರು ಮತ್ತೆ ಮುಖ ನೋಡುವುದು ಅವಳ ಅಂತ್ಯಕ್ರಿಯೆಯಲ್ಲಿ.

ಹಾಸ್ಯಚಿತ್ರವೊಂದು ಆತ್ಮಹತ್ಯೆಯಿಂದ ಮೊದಲಾಗುವುದು ಆಕಸ್ಮಿಕವಲ್ಲ. ಕ್ಯಾಥ್ಲೀನ್ ರೋ 1995ರ ‘ದಿ ಅನ್‌ರೂಲಿ ವುಮನ್’ ಗ್ರಂಥದಲ್ಲಿ ತೋರಿಸಿರುವಂತೆ, ಗೋಳಿನ ಕಥೆ ಹೆಣ್ಣಿಗೆ ನೋವುಣ್ಣುವ ಪಾತ್ರವನ್ನು ಹಂಚಿದರೆ, ಹಾಸ್ಯ ಅವಳಿಗೆ ಗದ್ದಲ ಮಾಡುವ, ಮೈತುಂಬ ನಗುವ, ಸಿಟ್ಟನ್ನು ಹೊರಹಾಕುವ ಅವಕಾಶ ಕೊಡುತ್ತದೆ. ಈ ಚಿತ್ರದಲ್ಲಿ ಗೋಳಿನ ಕಥೆ ಸಿಂಥಿಯಾಳೊಂದಿಗೆ ಮುಗಿಯುತ್ತದೆ. ಅವಳಿಗಾದದ್ದೇ ಉಳಿದ ಮೂವರಿಗೂ ಆಗಿದೆ. ಅವಳು ಒಬ್ಬಳೇ ಇದ್ದಳು, ಇವರು ಮೂವರಿದ್ದಾರೆ, ವ್ಯತ್ಯಾಸ ಅಷ್ಟೇ. ಒಂಟಿ ಹೆಂಗಸಿನ ದುಃಖ ಜೊತೆ ಸಿಕ್ಕೊಡನೆ ಪ್ರಕಾರವನ್ನೇ ಬದಲಿಸಿಕೊಳ್ಳುತ್ತದೆ.

ಲೆಕ್ಕದ ಪುಸ್ತಕ ಮತ್ತು ಕಾನೂನು

ಬ್ರೆಂಡಾ (ಬೆಟ್ ಮಿಡ್ಲರ್) ಗಂಡ ಮಾರ್ಟಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಆರಂಭದ ದಿನಗಳಲ್ಲಿ ಹೆಗಲು ಕೊಟ್ಟವಳು. ಈಗ ಮಗನೊಂದಿಗೆ ಕೈಬಿಗಿ ಹಿಡಿದು ಬದುಕುತ್ತಿದ್ದಾಳೆ. ಆನಿ (ಡಯೇನ್ ಕೀಟನ್) ದೂರವಾದ ಗಂಡ ಮರಳುತ್ತಾನೆಂದು ಕಾಯುತ್ತಿದ್ದಾಳೆ. ಅವನು ಅವಳ ಮನೋಚಿಕಿತ್ಸಕಿಯೊಂದಿಗೇ ಸಂಬಂಧ ಇಟ್ಟುಕೊಂಡಿದ್ದಾನೆ. ಎಲೀಸ್ (ಗೋಲ್ಡಿ ಹಾನ್) ಚಿತ್ರನಟಿ. ಅವಳ ನಿರ್ಮಾಪಕ ಗಂಡ ಆಸ್ತಿಯಲ್ಲಿ ಅರ್ಧ ಪಾಲನ್ನೂ ಜೀವನಾಂಶವನ್ನೂ ಕೇಳುತ್ತಾನೆ.

ಈ ಕೊನೆಯ ತಿರುವು ಬರಿಯ ತಮಾಷೆಯಲ್ಲ. ಜೀವನಾಂಶದ ಹೊಣೆಯನ್ನು ಗಂಡನ ಮೇಲೆ ಮಾತ್ರ ಹೊರಿಸುವ ಅಲಬಾಮಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1979ರ ಆರ್ ಪ್ರಕರಣದಲ್ಲಿ ರದ್ದುಪಡಿಸಿತ್ತು. ಮರುವರ್ಷ ನ್ಯೂಯಾರ್ಕ್ ರಾಜ್ಯ ದಾಂಪತ್ಯದ ಆಸ್ತಿಯನ್ನು ನ್ಯಾಯಯುತವಾಗಿ ಹಂಚುವ ಕಾಯ್ದೆ ತಂದಿತು. 1985ರ ಓಬ್ರಿಯನ್ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಹೆಂಡತಿಯ ದುಡಿಮೆಯ ಆಸರೆಯಲ್ಲಿ ಓದಿದ ಗಂಡನ ವೈದ್ಯ ಪರವಾನಗಿಯನ್ನೂ ದಾಂಪತ್ಯದ ಆಸ್ತಿಯೆಂದೇ ಎಣಿಸಿತು. ಹೀಗೆ ಕಾಗದದ ಮೇಲೆ ಹಕ್ಕು ಇತ್ತು. ಅದನ್ನು ಸಾಧಿಸಲು ಬೇಕಾದ ದಾಖಲೆ ಮಾತ್ರ ಗಂಡಸರ ಬೀರುವಿನಲ್ಲಿತ್ತು.

ಚಿತ್ರದ ಅತ್ಯಂತ ಉತ್ಸಾಹದ ಪ್ರಸಂಗ ಇದರ ಸುತ್ತಲೇ ಹೆಣೆದುಕೊಂಡಿದೆ. ಮಾರ್ಟಿಯ ಹೊಸ ಮನೆಗೆ ನುಗ್ಗಿದ ಮೂವರು ಅವನ ಲೆಕ್ಕಪತ್ರ ಹುಡುಕಿ, ಸಿಕ್ಕಿಬೀಳುವ ಹೊತ್ತಿಗೆ, ಬಹುಮಹಡಿ ಕಟ್ಟಡದ ಕಿಟಕಿ ತೊಳೆಯುವವರ ತೂಗುಮಣೆ ಹತ್ತಿ ಪಾರಾಗುತ್ತಾರೆ. ಪ್ರೇಕ್ಷಕರು ನಗುವುದು ಐವತ್ತರ ಹೆಂಗಸರ ಈ ಸರ್ಕಸ್ಸಿಗೆ. ಕಥೆ ಮುಂದೆ ಸರಿಯುವುದು ಅವರು ತಂದ ಕಡತದಿಂದ. ಮುಂದೆ ಗಂಡನೊಂದಿಗೆ ಪಾಲಾಗಬೇಕಿದ್ದ ಎಲೀಸಳ ಆಸ್ತಿ ಹರಾಜಾಗಿ ಬಂದ ಹಣದಿಂದ ಆನಿ ಗಂಡನ ಜಾಹೀರಾತು ಸಂಸ್ಥೆಯ ಪಾಲುದಾರರನ್ನು ಕೊಂಡು ಬಿಡಿಸುತ್ತಾಳೆ. ಒಬ್ಬಳ ನಷ್ಟ ಇನ್ನೊಬ್ಬಳ ಬಂಡವಾಳವಾಗುವ ಈ ಏರ್ಪಾಡು ಸಹಕಾರಿ ಸಂಘದ್ದು. ನಡುವೆ ಕುಡಿದು ಜಗಳವಾಡಿ, ಪರಸ್ಪರ ವಯಸ್ಸನ್ನೂ ಮೈಯನ್ನೂ ಹಂಗಿಸಿ ಚದುರಿದ ಗೆಳತಿಯರು ಮತ್ತೆ ಕೂಡಿದ ಮೇಲೆ ಸೇಡಿನ ಗುರಿಯೇ ಬದಲಾಗುತ್ತದೆ: ಗಂಡಂದಿರ ಹಣದಲ್ಲಿ ಸಿಂಥಿಯಾಳ ಹೆಸರಿನ ಮಹಿಳಾ ನೆರವು ಕೇಂದ್ರ ಏಳುತ್ತದೆ. ಅದರ ಉದ್ಘಾಟನೆಯ ನಂತರ ಮೂವರೂ ಹಾಡುವ ಗೀತೆ, ಲೆಸ್ಲಿ ಗೋರ್ 1963ರಲ್ಲಿ ಹದಿನೇಳರ ಹರೆಯದಲ್ಲಿ ಹಾಡಿದ್ದು. ಗೋರ್ ಮತ್ತು ಮೂವರು ನಾಯಕಿಯರು 1945–46ರಲ್ಲಿ ಹುಟ್ಟಿದ ಒಂದೇ ತಲೆಮಾರಿನವರು. ಹರೆಯದ ಹಾಡಿಗೆ ಇಲ್ಲಿ ನಡುವಯಸ್ಸಿನ ಅನುಭವ ಸೇರುತ್ತದೆ.

ಮಿತಿಗಳು

ಚಿತ್ರದ ದೃಷ್ಟಿ ಅಗಲವಾದುದಲ್ಲ. ಗೆಳತಿಯರೆಲ್ಲ ಬಿಳಿಯರು, ಬ್ರೆಂಡಾಳ ಹಣದ ಅಡಚಣೆಯೂ ಮ್ಯಾನ್‌ಹಟನ್‌ನ ಸಿರಿವಂತ ವಲಯದೊಳಗಿನದು. ಹಂಚಿಕೊಳ್ಳಲು ಆಸ್ತಿಯೇ ಇಲ್ಲದ ಹೆಂಗಸಿಗೆ ಇವರ ಹೋರಾಟದಿಂದ ಸಿಗುವ ದಾರಿ ಕಡಿಮೆ. ಗಂಡಂದಿರ ಹೊಸ ಸಂಗಾತಿಗಳನ್ನು ಚಿತ್ರ ದಡ್ಡಿಯರೆಂದೋ ಆಸೆಬುರುಕಿಯರೆಂದೋ ಗೇಲಿ ಮಾಡುತ್ತದೆ. ಅವರೂ ಒಂದು ದಿನ ಇದೇ ಸಾಲಿನಲ್ಲಿ ನಿಲ್ಲಬೇಕಾದವರು ಎಂಬ ಯೋಚನೆಯನ್ನು ಬೆಳೆಸುವುದಿಲ್ಲ. ಮಾರ್ಟಿ ಮತ್ತೆ ಬ್ರೆಂಡಾಳ ಬಳಿಗೆ ಬರುವುದರೊಂದಿಗೆ ಕ್ಯಾವೆಲ್ ಗುರುತಿಸಿದ ಹಳೆಯ ಮಾದರಿಯೂ ಹಿಂಬಾಗಿಲಿನಿಂದ ಒಳಬರುತ್ತದೆ. ಆದರೆ ಆನಿ ಗಂಡನಿಗೆ ಬಾಗಿಲು ಮುಚ್ಚುತ್ತಾಳೆ, ಮುಕ್ತಾಯದ ಕುಣಿತ ಗೆಳತಿಯರದೇ ಆಗುತ್ತದೆ.

ಉಪಸಂಹಾರ

ಹಾಲಿವುಡ್ ನಟಿಗೆ ಸುಂದರಿ, ವಕೀಲೆ, ಮುದುಕಿ ಎಂಬ ಮೂರೇ ವಯಸ್ಸು ಎಂದು ಎಲೀಸ್ ಕುಟುಕುತ್ತಾಳೆ. ಉದ್ಯಮ ಅವಳ ಮಾತನ್ನು ನಿಜಮಾಡಿತು. ಚಿತ್ರ ಅಮೆರಿಕದಲ್ಲೇ 10 ಕೋಟಿ ಡಾಲರ್‌ಗೂ ಹೆಚ್ಚು, ಜಗತ್ತಿನಾದ್ಯಂತ ಸುಮಾರು 18 ಕೋಟಿ ಡಾಲರ್ ಗಳಿಸಿದರೂ ಎರಡನೆಯ ಭಾಗ ಬರಲಿಲ್ಲ. ಮೊದಲ ಚಿತ್ರಕ್ಕೆ ಮೂವರೂ ಸಂಭಾವನೆ ತಗ್ಗಿಸಿಕೊಂಡಿದ್ದರು, ಗೆದ್ದ ಮೇಲೂ ಎರಡನೆಯದಕ್ಕೆ ಸ್ಟುಡಿಯೋ ಅದೇ ಮೊತ್ತವನ್ನು ಮುಂದಿಟ್ಟಿತು ಎಂದು ಹಾನ್ ಮುಂದೆ ಬಹಿರಂಗವಾಗಿ ಹೇಳಿದರು. ಎಪ್ಪತ್ತು ದಾಟಿದ ಕೀಟನ್ 2018ರಲ್ಲಿ ‘ಬುಕ್ ಕ್ಲಬ್’ ಚಿತ್ರದ ನಾಲ್ವರು ಗೆಳತಿಯರಲ್ಲಿ ಒಬ್ಬರಾದರು. ಅದಕ್ಕೆ 2023ರಲ್ಲಿ ಎರಡನೆಯ ಭಾಗ ಬಂತು. ‘ದ ಫಸ್ಟ್ ವೈವ್ಸ್ ಕ್ಲಬ್’ನ ಪಾತ್ರಗಳು ತಮ್ಮ ಬಾಕಿ ವಸೂಲು ಮಾಡಿಕೊಂಡವು, ಅವುಗಳನ್ನು ಆಡಿದ ನಟಿಯರಿಗೆ ಅದು ಸಾಧ್ಯವಾಗಲಿಲ್ಲ. ಹೆಂಗಸರ ಸ್ನೇಹವನ್ನು ಕುರಿತ ಹಾಸ್ಯಚಿತ್ರಗಳ ಅಧ್ಯಯನ ಚಿತ್ರಕಥೆಯ ಜೊತೆಗೆ ಸಂಭಾವನೆಯ ಒಪ್ಪಂದವನ್ನೂ ಓದದೆ ಪೂರ್ಣವಾಗದು.